ಅರಿಷಿಣಕ್ಕೆ ಮೊದಲೇ ಹಳದಿಯಾದ ಅಂಗೈ

ಮದುವೆ ಕೂಡಿಬಂದದ್ದು ಯಾರ ಪುಣ್ಯದಿಂದ ಎಂದು ಕೇಳಿದರೆ ಎಲ್ಲರೂ ದೇವರನ್ನೋ ಹಿರಿಯರನ್ನೋ ನೆನೆಯುತ್ತಾರೆ. ನಾನು ಪಪ್ಪಾಯಿ ಹಣ್ಣಿಗೆ ಕೈ ಮುಗಿಯುತ್ತೇನೆ. ನಗಬೇಡಿ, ಖರೆ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಶಿರಹಟ್ಟಿಯ ನಮ್ಮ ಮನೆಯವರು ನನಗೆ ವರ ಹುಡುಕತೊಡಗಿದ ಹೊತ್ತಿಗೇ ನನ್ನ ಕಣ್ಣು ಕೈಕೊಟ್ಟವು. ಹೊತ್ತು ಮುಳುಗಿದರೆ ಏನೂ ಕಾಣುತ್ತಿರಲಿಲ್ಲ. ಒಂದು ಸಂಜೆ ಅಡ್ಡಾಗಿದ್ದ ಕಾಕಾನ ಹೊಟ್ಟೆಯನ್ನು ಕಟ್ಟೆ ಎಂದುಕೊಂಡು ಅದರ ಮೇಲೆ ನೀರಿನ ತಂಬಿಗೆ ಇಟ್ಟಿದ್ದೆ! "ಇರುಳುಗಣ್ಣು. ಎ ಜೀವಸತ್ವ ಕಡಿಮೆಯಾಗಿದೆ. ಮಾವು, ಪಪ್ಪಾಯಿ ತಿನ್ನಲಿ" ಎಂದರು ಡಾಕ್ಟರು. ಅವ್ವ ದನಿ ತಗ್ಗಿಸಿ ಅಂದಳು: "ಈ ಖಬರ ಹೊರಗ ಹೋದ್ರ ನಿನ್ನ ಯಾರ್ ಮಾಡ್ಕೋತಾರ?"

ಮಾವಿನ ಕಾಲ ಮುಗಿದಿತ್ತು. ಪಕ್ಕದ ಮನೆಯ ಹುಸೇನಬಿ ಚಾಚಿಯ ಹಿತ್ತಿಲಲ್ಲಿ ಪಪ್ಪಾಯಿ ಗಿಡವಿತ್ತು. "ಹೆದರಬ್ಯಾಡ್ರಿ ಅಕ್ಕಾರ, ಹಣ್ಣು ಜೋತು ಬಿದ್ದಾವು" ಎಂದು ಚಾಚಿ ಗೋಡೆಯ ಮೇಲಿಂದ ದಿನಾ ಹಣ್ಣು ದಾಟಿಸಿದರು. ಅವ್ವ ರೊಟ್ಟಿಯ ಜೊತೆಗೂ ಅದನ್ನೇ ತಿನ್ನಿಸಿದಳು. ನನಗೆ ಸಾಕೋ ಸಾಕಾಯಿತು, ಆದರೆ ಕಣ್ಣು ತಿಳಿಯಾದವು.

ನನ್ನನ್ನು ನೋಡಲು ಲಕ್ಷ್ಮೇಶ್ವರದಿಂದ ಹೊರಟವರು, ಬಸ್ಸು ತಡವಾಗಿ, ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಬಂದರು. ಚಹದ ತಾಟು ಹಿಡಿದು ಹೊಸ್ತಿಲು ದಾಟಿದೆ, ಒಂದು ಹನಿ ತುಳುಕಲಿಲ್ಲ. ಹುಡುಗನ ತಾಯಿ ಮೆಚ್ಚಿ, ಉಡಿ ತುಂಬಲು ಅಕ್ಕಿ ಹಿಡಿದು ಎದ್ದರು. ನಾನು ಸೆರಗೊಡ್ಡಿದೆ. ಅವರ ಕೈ ಅಲ್ಲೇ ನಿಂತಿತು. ನನ್ನ ಅಂಗೈ ಪಕ್ಕ ತಮ್ಮದನ್ನಿಟ್ಟು ನೋಡಿದರು.

"ಅಯ್ಯ ಶಿವನ! ಈಗ ಅರಿಷಿಣ ಹಚ್ಚೀರೇನು? ಇಲ್ಲಾ ಹುಡುಗಿಗೆ ಕಾಮಣಿ ಆಗೈತೋ?"

ದಿನಾ ನೋಡುವ ನಮಗೆ ಆ ಹಳದಿ ಗೊತ್ತೇ ಆಗಿರಲಿಲ್ಲ. ಅವ್ವ ಪೇಚಿಗೆ ಸಿಕ್ಕಳು. ಪಪ್ಪಾಯಿ ಎಂದರೆ ಕಣ್ಣಿನ ಮಾತು ಹೊರಬೀಳುತ್ತದೆ, ಸುಮ್ಮನಿದ್ದರೆ ಕಾಮಾಲೆ ಖಾಯಂ. ಬಾಗಿಲಲ್ಲಿದ್ದ ಚಾಚಿ ಮುಂದೆ ಬಂದರು.

"ಕಾಮಣಿ ಆದ್ರ ಕಣ್ಣು ಹಳದಿ ಆಗತಾವ್ರಿ. ಇಕಿ ಕಣ್ಣು ನೋಡ್ರಿ, ಹೆಂಗ ಬೆಳ್ಳಗ ಅದಾವು! ನಮ್ಮ ಗಿಡ ಖಾಲಿ ಮಾಡ್ಯಾಳ, ಆಸೆಬುರುಕಿ. ಅದು ಪಪ್ಪಾಯಿ ಬಣ್ಣರಿ."

ಎಲ್ಲರೂ ನಕ್ಕರು. ಅಕ್ಕಿ ಉಡಿಗೆ ಬಿತ್ತು. ಚಾಚಿಯ ಆ ಉಪಕಾರವನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಹೊರಡುವಾಗ ಹುಡುಗ ಹೊಸ್ತಿಲು ಎಡವಿ, ನಮ್ಮ ಪಡಸಾಲೆಯ ಕಂಬಕ್ಕೆ ಕೈ ಮುಗಿದು "ಬರ್ತೀನ್ರಿ ಮಾಮಾರ" ಎಂದ. ನನಗೆ ಎಲ್ಲ ತಿಳಿಯಿತು. ಚಾಚಿಯಿಂದ ಬೀಜ ಇಸಕೊಂಡೇ ಗಂಡನ ಮನೆಗೆ ಹೋದೆ. ಗಿಡ ಫಲ ಕೊಟ್ಟಿತು, ಅವರಿಗೆ ತಿನ್ನಿಸಿದ್ದೇ ತಿನ್ನಿಸಿದ್ದು. ಒಂದು ಮುಸ್ಸಂಜೆ ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿ ಹೇಳಿದರು: "ಅಲಲಾ! ಅವತ್ತು ನೋಡಾಕ ಬಂದಾಗ ನೀ ಹಿಂಗ ಕಂಡಿದ್ದಿಲ್ಲಲ್ಲ!"

ಪಪ್ಪಾಯಿಗೆ ನಾನು ಋಣಿ, ನಿಜ. ಅವರಿಗೆ ಅದು ಮದುವೆಯಾದ ಮೇಲೆ ಸಿಕ್ಕಿತಲ್ಲ, ಅದಕ್ಕಂತೂ ಇನ್ನೂ ಹೆಚ್ಚು ಋಣಿ.