ಬೆಲ್ಯಾ ಹಲ್ಲು ಕದ್ದ ಪರ್ವ

ಕೇಳಿರಯ್ಯಾ, ಕಿವಿಯುಳ್ಳವರೆಲ್ಲ ಕೇಳಿ; ಕಿವಿ ಮಂದವಾದವರು ತುಸು ಮುಂದೆ ಸರಿದು ಕುಳಿತು ಕೇಳಿ. ಸೃಷ್ಟಿಯ ಆದಿಯಲ್ಲಿ ಪರಶಿವನು ಸಕಲ ಜೀವಿಗಳಿಗೆ ಬಾಯಿಯನ್ನು ಕರುಣಿಸಿದನು, ಬಾಯಿಗೆ ಹಸಿವನ್ನು ಕರುಣಿಸಿದನು. ಹಲ್ಲುಗಳನ್ನು ಮಾತ್ರ ಎರಡು ಸಲ ಕೊಟ್ಟು, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡನು. ಏಕೆಂದು ಕೇಳಲು ನಾವು ಯಾರು? ಕೊಟ್ಟವನಿಗೆ ಲೆಕ್ಕ ಗೊತ್ತಿರುತ್ತದೆ. ಆದರೆ ಮೊದಲ ಸಲದ ಹಲ್ಲು ಬೀಳುತ್ತಿದ್ದ ಒಬ್ಬನೂ, ಎರಡನೆಯ ಸಲದ ಹಲ್ಲು ಬಿದ್ದುಹೋದ ಒಬ್ಬಳೂ ಒಂದೇ ಅಂಗಳದಲ್ಲಿ ಎದುರಾದ ದಿನ ಏನಾಯಿತೆಂಬುದನ್ನು ನನ್ನ ಗುರುಹಿರಿಯರ ಪಾದ ನೆನೆದು, ಬಾಯಲ್ಲಿ ಉಳಿದಿರುವ ಹಲ್ಲುಗಳ ಸಹಾಯದಿಂದ ಹೇಳುತ್ತೇನೆ.

ಅಂಥ ದಂತಕ್ಷಯಯುಗದಲ್ಲಿ, ಜಾಲಿಗೇರಿಯೆಂಬ ಗ್ರಾಮದಲ್ಲಿ, ಸಪ್ತತಿವರ್ಷಪರಿಪಕ್ವೆಯೂ, ಜೋಳದರೊಟ್ಟಿತಾಡನಪ್ರಚಂಡಭುಜೆಯೂ, ಸ್ನುಷಾಹೃದಯಕಂಪನಕಾರಿಣಿಯೂ, ತ್ರಿಕಾಲಲಿಂಗಪೂಜಾಧುರಂಧರೆಯೂ ಆದ ಕಲ್ಲವ್ವನೆಂಬ ವೀರಮಾತೆ ಇದ್ದಳು. ಅವಳ ವಸಡಿನಲ್ಲಿ ಹಲ್ಲೆಂಬುದೊಂದೂ ಇರಲಿಲ್ಲ. ಆ ಶೂನ್ಯದಲ್ಲೇ ಅವಳು ಹತ್ತು ವರ್ಷ ಸುಖವಾಗಿದ್ದಳು. ಆದರೆ ಹೋದ ಮಾರ್ಗಶಿರದಲ್ಲಿ ಮೊಮ್ಮಗಳ ಮದುವೆಯಾದಾಗ, ವರನ ಅಜ್ಜಿ ಗುರುಪಾದವ್ವ, ಅಖಂಡದಂತಪಂಕ್ತಿಗರ್ವಿತೆ, ಅಡಿಕೆಯನ್ನು ಅಡಕತ್ತರಿಯಿಲ್ಲದೆ ಒಡೆಯುವಾಕೆ, ತುಂಬಿದ ಪಂಕ್ತಿಯಲ್ಲಿ ಬೆಲ್ಲ-ಅಂಟು-ಕೊಬ್ಬರಿಗಳಿಂದ ವಜ್ರದಂತೆ ಗಟ್ಟಿಯಾದ ಕರದಂಟನ್ನು ಬಡಿಸುತ್ತ ಬಂದು, ಕಲ್ಲವ್ವನ ಎಲೆಯ ಮುಂದೆ ನಿಂತು ಹೀಗೆಂದಳು:

“ನಿಮಗ ಇದು ಕಡ್ಯಾಕ ಆಗೂದಿಲ್ಲ ಬಿಡ್ರಿ, ಬೀಗರ. ಸುಮ್ನ ನೆಕ್ಕಿ ಇಡ್ರಿ.”

ಪಂಕ್ತಿಯೇ ನಕ್ಕಿತು. ಕಲ್ಲವ್ವನೂ ನಕ್ಕಳು, ಆದರೆ ಆ ನಗೆಯೊಳಗೆ ಹಲ್ಲೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅಂದೇ ಅವಳು ಮನಸ್ಸಿನಲ್ಲಿ ಘೋರಪ್ರತಿಜ್ಞೆ ಮಾಡಿದಳು: ಗುರುಪಾದವ್ವನ ಕಣ್ಣೆದುರೇ ಕರದಂಟನ್ನು ಕಡಿದು, ಅಗಿದು, ನುಂಗಿ, ಅನಂತರವೇ ಮಾತಾಡುವೆ! ತಾಲ್ಲೂಕಿನ ಹಲ್ಲಿನ ಡಾಕ್ಟರರಲ್ಲಿಗೆ ಏಳು ಸಲ ಬಸ್ಸು ಹತ್ತಿ, ಬಾಯ್ದೆರೆದು, ಅಚ್ಚು ಕೊಟ್ಟು, ಮೇಲಿನದೊಂದು ಕೆಳಗಿನದೊಂದು ಎಂಬಂತೆ ಹಲ್ಲಿನ ಜೋಡು ಮಾಡಿಸಿಕೊಂಡು ಬಂದಳು. ಅನ್ನದಿಂದ ಆರಂಭಿಸಿ, ಚಪಾತಿಯನ್ನು ದಾಟಿ, ಹುರಿದ ಶೇಂಗಾದವರೆಗೆ ಹದಿನೈದು ದಿನ ಅಭ್ಯಾಸ ಮಾಡಿದಳು. ಹದಿನಾರನೆಯ ದಿನ, ಸೋಮವಾರ, ಹನ್ನೊಂದು ಗಂಟೆಯ ಬಸ್ಸಿಗೆ ಗುರುಪಾದವ್ವ ಕರದಂಟಿನ ಡಬ್ಬಿಯೊಡನೆ ಬರುವವಳಿದ್ದಳು.

ಇತ್ತ ಪ್ರತಿನಾಯಕನ ಚರಿತ್ರೆಯನ್ನೂ ಕೇಳಬೇಕು. ಬೆಲ್ಲದ ಬಣ್ಣದವನಾದ್ದರಿಂದ ಬೆಲ್ಯಾ ಎಂಬ ನಾಮಧೇಯವುಳ್ಳ ಆ ಶುನಕಕುಮಾರನು ಎಣ್ಣೆಗಾಣದ ಹಿಂದಿನ ಗೋಣಿಚೀಲದ ಮೇಲೆ ಕುರುಡನಾಗಿ, ಕಿವುಡನಾಗಿ, ತಾಯಿಯ ಹಾಲಿನ ವಾಸನೆಯೊಂದನ್ನೇ ವೇದವೆಂದು ನಂಬಿ ಜನಿಸಿದನು. ಹದಿಮೂರನೆಯ ದಿನ ಕಣ್ತೆರೆದು ಜಗತ್ತನ್ನು ನೋಡಿ, ಅದು ಅಷ್ಟೇನೂ ಚೆನ್ನಾಗಿಲ್ಲವೆಂದು ಮತ್ತೆ ಮಲಗಿದನು. ಮೂರನೆಯ ವಾರ ಕಿವಿ ತೆರೆದು ತನ್ನ ಕೂಗಿಗೆ ತಾನೇ ಬೆಚ್ಚಿದನು. ಐದನೆಯ ವಾರ ಒಡಹುಟ್ಟಿದವರ ಕಿವಿ ಕಚ್ಚಿ, ಅವರಿಂದ ಕಚ್ಚಿಸಿಕೊಂಡು, ಎಷ್ಟು ಕಚ್ಚಿದರೆ ಆಟ ಎಷ್ಟು ಕಚ್ಚಿದರೆ ಜಗಳ ಎಂಬ ನ್ಯಾಯಶಾಸ್ತ್ರವನ್ನು ಮುಗಿಸಿದನು. ಎರಡು ತಿಂಗಳಿಗೆ ಕಲ್ಲವ್ವನ ಮನೆಗೆ ಬಂದು ಒನಕೆ, ಮೊರ, ಮಿಕ್ಸರ್ ಎಂಬ ತ್ರಿಮೂರ್ತಿಗಳಿಗೆ ಹೆದರಿ ಮಂಚದಡಿಯಲ್ಲಿ ತಪಸ್ಸು ಮಾಡಿದನು. ಈಗ ನಾಲ್ಕು ತಿಂಗಳು. ಹಾಲುಹಲ್ಲು ಅಲುಗುತ್ತಿವೆ, ಹೊಸ ಹಲ್ಲು ಕೆಳಗಿನಿಂದ ನೂಕುತ್ತಿವೆ, ವಸಡಿನಲ್ಲಿ ಸಹಸ್ರ ಇರುವೆಗಳ ಮೆರವಣಿಗೆ. ಆ ತುರಿಕೆಯ ಶಮನಕ್ಕಾಗಿ ಅವನು ಅದುವರೆಗೆ ಪೊರಕೆಯ ಹಿಡಿ, ಮಂಚದ ಎಡಗಾಲು, ವಿದ್ಯುತ್ ಬಿಲ್ಲು ಮತ್ತು ಅರ್ಧ ಸೌತೆಕಾಯಿಯನ್ನು ಜಯಿಸಿದ್ದನು.

ಆ ಸೋಮವಾರ ಬೆಳಿಗ್ಗೆ ಕಲ್ಲವ್ವ ಸ್ನಾನ ಮಾಡಿ ಪೂಜೆಗೆ ಹೊರಟಳು. ದೇವರ ಕೋಣೆಯ ಹೊಸ್ತಿಲಲ್ಲಿ ಅವಳಿಗೊಂದು ಧರ್ಮಸಂದೇಹ. ಈ ಹಲ್ಲು ಯಾವುದರಿಂದ ಮಾಡಿದ್ದೋ, ಯಾರ ಕೈ ತಾಗಿದ್ದೋ. ಇದನ್ನು ಬಾಯಲ್ಲಿಟ್ಟುಕೊಂಡು ಶಿವಮಂತ್ರ ನುಡಿಯಬಹುದೇ? ನುಡಿಯಬಾರದೆಂದು ಅವಳೇ ತೀರ್ಪಿತ್ತು, ಹಲ್ಲಿನ ಜೋಡನ್ನು ಕಳಚಿ, ಕಂಚಿನ ಬಟ್ಟಲಲ್ಲಿ ಹೊಸ್ತಿಲಾಚೆ ಇಟ್ಟು ಒಳಹೊಕ್ಕಳು. ನೂರೆಂಟು ಜಪ ಮುಗಿಸಿ ಕಣ್ತೆರೆದಾಗ ಬಟ್ಟಲು ಬರಿದು. ಅಂಗಳದ ನಡುವೆ, ಬೆಳಗಿನ ಬಿಸಿಲಿನಲ್ಲಿ, ಬೆಲ್ಯಾನ ಬಾಯಲ್ಲಿ ಐವತ್ತಕ್ಕೂ ಮೇಲ್ಪಟ್ಟು ಹಲ್ಲುಗಳು ಹೊಳೆಯುತ್ತಿದ್ದವು!

“ದಾಕ್ಷಾಣೀ!” ಎಂದು ಕಲ್ಲವ್ವ ಸೊಸೆಯನ್ನು ಕೂಗಿದಳು. “ನನ್ನ ಜೋಡು! ನನ್ನ ಜೋಡು ಒಯ್ತವಾ!”

ಸೊಸೆ ದಾಕ್ಷಾಯಣಿ, ಹಿಟ್ಟಿನ ಕೈಯವಳು, ಅಡುಗೆಮನೆಯಿಂದ ಇಣುಕಿ, ತಲೆಬಾಗಿಲ ಕಡೆ ನೋಡಿ ಶಾಂತಳಾದಳು. “ಇಲ್ಲೇ ಅದಾವಲ್ರಿ ಅತ್ತಿ. ಎರಡೂ ಅದಾವ. ಎಡಗಾಲಿಂದರ ಉಂಗುಟ ಹರದೈತಿ, ಅದು ಮದ್ಲ ಹರದಿತ್ತು.”

“ಕಾಲಾನ ಜೋಡಲ್ಲ ಹುಚ್ಚೀ! ಬಾಯಾನ ಜೋಡು!”

ದಾಕ್ಷಾಯಣಿಗೆ ಅರ್ಥವಾಗಲು ಎರಡು ನಿಮಿಷ ಹಿಡಿಯಿತು; ಅರ್ಥವಾದ ಮೇಲೆ ನಗು ತಡೆಯಲು ಇನ್ನೆರಡು. ಆಗ ಗಡಿಯಾರದಲ್ಲಿ ಹತ್ತೂಕಾಲು.

ಇನ್ನು ರಣವರ್ಣನೆ. ಪೂರ್ವದಿಕ್ಕಿನಲ್ಲಿ ಕಲ್ಲವ್ವ, ಸೆರಗು ಸೊಂಟಕ್ಕೆ ಬಿಗಿದು, ಊರುಗೋಲನ್ನು ಗದೆಯಂತೆ ಹೆಗಲಿಗೇರಿಸಿ. ಪಶ್ಚಿಮದಲ್ಲಿ ದಾಕ್ಷಾಯಣಿ, ಹಿಡಿಯಿಲ್ಲದ ಪೊರಕೆಯೊಡನೆ. ನಡುವೆ ಬೀಸುವ ಕಲ್ಲಿನ ಪಕ್ಕದಲ್ಲಿ ಬಾಲದಿಂದ ಧೂಳೆಬ್ಬಿಸುತ್ತ ಗುಡವರ್ಣನಾದ ಆ ದಂತಚೋರ. ಕಲ್ಲವ್ವ ಗರ್ಜಿಸಿದಳು: “ಎಲವೋ ಶುನಕಾಧಮಾ! ಏಳು ಸಲ ಬಸ್ಸು ಹತ್ತಿ, ಹದಿನೈದು ದಿನ ಶೇಂಗಾ ಅಗಿದು ಸಂಪಾದಿಸಿದ ನನ್ನ ಮುಖಮಂಡಲದ ಮಾನವನ್ನು ಕಚ್ಚಿ ನಿಂತೆಯಾ? ಈ ಕ್ಷಣವೇ ಅದನ್ನು ನನ್ನ ಪದತಲದಲ್ಲಿ ಇರಿಸು. ಇಲ್ಲವೇ ನಿನ್ನ ಬಾಲವನ್ನು ನಿನ್ನ ಇತಿಹಾಸದಿಂದ ಬೇರ್ಪಡಿಸುವೆ!” ಹೀಗೆಂಬುದು ಅವಳ ಅಂತರಂಗ. ಹಲ್ಲಿಲ್ಲದ ಬಾಯಿಂದ ಆ ಸಿಟ್ಟಿನ ಭರದಲ್ಲಿ ಹೊರಬಿದ್ದದ್ದು “ಫಾರಲೇ! ಫಿಡಲೇ!” ಎಂದಷ್ಟೇ.

ಬೆಲ್ಯಾ “ಗುರ್ರ್” ಎಂದನು. ಇದರ ಭಾವಾರ್ಥ: “ತಾಯೇ, ಲೋಕದಲ್ಲಿ ಸೌತೆಕಾಯಿ ಮೆತ್ತಗೆ, ಮಂಚದ ಕಾಲು ಗಡುಸು, ನನ್ನ ವಸಡಿನ ಅಳತೆಗೇ ಸೃಷ್ಟಿಯಾದ ಆಟಿಕೆ ಇದೊಂದೇ. ಬಾ, ಹಿಡಿ!”

ಬಳಿಕ ಅವನು ಮುಂಗಾಲುಗಳೆರಡನ್ನೂ ನೆಲಕ್ಕೆ ಚಾಚಿ, ಎದೆಯನ್ನು ಮಣ್ಣಿಗೆ ತಾಗಿಸಿ, ತಲೆ ತಗ್ಗಿಸಿ, ಹಿಂಭಾಗವನ್ನು ಮಾತ್ರ ಆಕಾಶಕ್ಕೆತ್ತಿ ನಿಂತನು. ಕಲ್ಲವ್ವನ ಗೋಲು ಅಲ್ಲೇ ಇಳಿಯಿತು. ಕಣ್ಣು ತುಂಬಿದವು.

“ನೋಡ ದಾಕ್ಷಾಣಿ, ನಮಸ್ಕಾರ ಮಾಡಾಕತ್ತೈತಿ. ತಪ್ಪಾತು ಅಂತೈತಿ ಕೂಸು. ಮೂಕ ಜೀವಕ್ಕೂ ಶಿವ ಬುದ್ಧಿ ಕೊಡತಾನ.” ಹೀಗೆಂದು ಬಲಗೈಯೆತ್ತಿ, “ನೂರ ವರ್ಷ ಬದುಕಪಾ” ಎಂದು ಹರಸಿ, ಹಲ್ಲು ತೆಗೆದುಕೊಳ್ಳಲು ಬಾಗಿದಳು.

ಶತಾಯುಷ್ಯವನ್ನು ಪಡೆದ ಬೆಲ್ಯಾ ಅವಳ ಎರಡು ಕಾಲುಗಳ ನಡುವಿನಿಂದಲೇ ನುಸುಳಿ ಓಡಿದನು.

ಅನಂತರ ನಡೆದ ಸುತ್ತುಗಳನ್ನು ವರ್ಣಿಸಲು ಆದಿಶೇಷನಿಗೂ ನಾಲಗೆ ಸಾಲವು. ಮೇವಿನ ಬಣವೆಗೆ ಆರು ಸುತ್ತು, ಎತ್ತಿಗೆ ಒಂದು ಸುತ್ತು (ಎತ್ತು ಮೇಯುವುದನ್ನು ನಿಲ್ಲಿಸಲಿಲ್ಲ), ನೀರಿನ ತೊಟ್ಟಿಗೆ ಮೂರು. ಪ್ರತಿ ಸುತ್ತಿನ ಕೊನೆಗೂ ಬೆಲ್ಯಾ ಅದೇ ನಮಸ್ಕಾರ ಮಾಡುವನು. ಕಲ್ಲವ್ವ ಪ್ರತಿ ಸಲವೂ ನಂಬಿ ಬಾಗುವಳು. ಧರ್ಮವು ಪ್ರತಿ ಸಲವೂ ಸೋಲುವುದು. ದಾಕ್ಷಾಯಣಿ ಎಸೆದ ಪೊರಕೆ ಎದುರುಮನೆಯವರ ಕೋಳಿಬುಟ್ಟಿಗೆ ಬಡಿದು, ಕೋಳಿಗಳೂ ಯುದ್ಧ ಸೇರಿದವು. ಹತ್ತು ನಲವತ್ತೆರಡು.

ಆಗ ಪಕ್ಕದ ಗೋಡೆಯ ಮೇಲೆ ಒಂದು ಮುಖಾರವಿಂದ ಉದಯಿಸಿತು. ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಸಕಲ ಪಶುಗಳ ಬಾಲ ಹಿಡಿದು ಸೇವೆ ಮಾಡಿ ನಿವೃತ್ತನಾದ ರುದ್ರಮುನಿ ಕಂಪೌಂಡರ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿಟ್ಟುಕೊಂಡೇ ಉಪದೇಶಕ್ಕೆ ತೊಡಗಿದನು.

“ಅಕ್ಕಾರ, ನಿಲ್ರಿ. ನೀವು ಓಡಿದಷ್ಟೂ ಅದು ಓಡತೈತಿ. ನಿಮಗ ಇದು ಯುದ್ಧ, ಅದಕ್ಕ ಆಟ.”

“ಆಟೇನೋ ತಮ್ಮಾ? ಕಾಲಿಗೆ ಬೀಳಾಕತ್ತೈತಿ, ಎದ್ದ ಓಡಾಕತ್ತೈತಿ. ಎಂಥಾ ಕಪಟಿ ಇರಬೇಕು!”

“ಕಾಲಿಗೆ ಬೀಳಾಕ ಅದೇನ ಮಠದಾಗ ಬೆಳದೈತೇನ್ರಿ? ಗಾಣದ ಹಿಂದ ಹುಟ್ಟೇತಿ. ಮುಂಗಾಲ ಚಾಚಿ ಹಿಂದ ಎತ್ತಿತಂದ್ರ ‘ಬಾ, ಹಿಡಿ ನೋಡೂಣು’ ಅಂತ ಕರದಂಗ. ಅಣ್ಣತಮ್ಮರ ಜೋಡಿ ಹಂಗ ಆಡಿ ಬಂದೈತಿ. ಈಗ ನಾಕ ತಿಂಗಳಾತು, ಹಲ್ಲ ಬೀಳೂ ಹೊತ್ತು, ವಸಡ ಕಡೀತಾವ, ಸಿಕ್ಕದ್ದ ಜಗೀತೈತಿ. ನಿಮ್ಮ ಹಲ್ಲಿನ ಮ್ಯಾಲೇನ ಹಗಿ ಇಲ್ಲ.”

“ಉಪದೇಶ ಸಾಕು, ಉಪಾಯ ಹೇಳೋ ಮಾರಾಯಾ! ಬಸ್ಸ ಬರೂ ಹೊತ್ತಾತು!”

ಕಂಪೌಂಡರ ಬ್ರಷ್ಷನ್ನು ತೆಗೆದು, ನೊರೆ ಉಗುಳಿ, ಶಾಂತನಾಗಿ ನುಡಿದನು: “ತಿರಗಿ ಬೆನ್ನ ತೋರಿಸಿ ನಡದಬಿಡ್ರಿ.”

ಅಯ್ಯೋ, ಅಷ್ಟದಿಕ್ಕುಗಳೂ ಒಮ್ಮೆ ಸ್ತಬ್ಧವಾದವು! ಬೆನ್ನು ತೋರಿಸುವುದೆ? ಬರಗಾಲಕ್ಕೆ ಬೆನ್ನು ತೋರಿಸದವಳು, ಪಂಚಾಯ್ತಿಯಲ್ಲಿ ಇಬ್ಬರು ಮೈದುನಂದಿರಿಗೆ ಬೆನ್ನು ತೋರಿಸದವಳು, ನಾಲ್ಕು ತಿಂಗಳ ನಾಯಿಮರಿಗೆ ಬೆನ್ನು ತೋರಿಸುವುದೆ?

“ನಾನ? ಇದಕ? ಬೆನ್ನ ತೋರಸ್ಬೇಕ?” ಎಂದಳು ಕಲ್ಲವ್ವ. “ನಮ್ಮ ಮನಿತನದಾಗ ಅದು ಇಲ್ಲೋ ತಮ್ಮಾ. ನಮ್ಮ ಮಾವನ ಎದಿ ಮ್ಯಾಲ ಎತ್ತ ಹಾದ್ರೂ ಬೆನ್ನ ತೋರಿಸಿದ್ದಿಲ್ಲ.”

“ಅವ್ರಿಗೆ ಹಲ್ಲಿದ್ದೂವ್ರಿ ಅತ್ತಿ,” ಎಂದಳು ದಾಕ್ಷಾಯಣಿ, ತಲೆ ತಗ್ಗಿಸಿ.

ಆಗಲೇ ಊರ ಅಗಸೆಬಾಗಿಲ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಅಂದು ಅದು ಮೊದಲ ಬಾರಿಗೆ ಹೊತ್ತಿಗೆ ಮುಂಚೆ ಬಂದಿತ್ತು.

ಕಲ್ಲವ್ವ ಕಣ್ಣು ಮುಚ್ಚಿದಳು. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಳು. ಗೆಲ್ಲುವೆನೆಂಬುದನ್ನು ಬಿಟ್ಟವನಿಗೆ ಮಾತ್ರ ಕೆಲವು ವಸ್ತುಗಳು ಸಿಗುವವೆಂದು ಹಿರಿಯರು ಹೇಳುವುದನ್ನು ಅವಳು ಕೇಳಿದ್ದಳು, ಆದರೆ ಹಲ್ಲಿನ ಬಗ್ಗೆ ಹೇಳುತ್ತಿದ್ದಾರೆಂದು ತಿಳಿದಿರಲಿಲ್ಲ. ನಿಧಾನವಾಗಿ ತಿರುಗಿದಳು. ಒಂದು ಹೆಜ್ಜೆ ಇಟ್ಟಳು, ಮಾನ ಹೋಯಿತು. ಎರಡು ಹೆಜ್ಜೆ ಇಟ್ಟಳು, ಮನೆತನ ಹೋಯಿತು. ಮೂರನೆಯದರಲ್ಲಿ ಸೊಂಟದ ಸೆರಗು ಸಡಿಲಿ ಮಣ್ಣಿನಲ್ಲಿ ಎಳೆದಾಡತೊಡಗಿತು.

ಬೆಲ್ಯಾ ನಮಸ್ಕರಿಸಿದ ಭಂಗಿಯಲ್ಲೇ ಕಾದನು. ಯಾರೂ ಬರಲಿಲ್ಲ. ಎದ್ದು ನಿಂತು ಒಮ್ಮೆ “ಬೌ” ಎಂದನು. ಆ ಶಬ್ದಕ್ಕೆ ಹಲ್ಲಿನ ಜೋಡು ಬಾಯಿಂದ ಅರ್ಧ ಜಾರಿತು. ಯಾರೂ ತಿರುಗಲಿಲ್ಲ. ಶತ್ರುವೇ ಇಲ್ಲದ ರಣರಂಗದಂಥ ದುಃಖ ಎಳೆಯ ಜೀವಕ್ಕೆ ಬೇರೊಂದಿಲ್ಲ. ಆಟವೇ ಮುಗಿದುಹೋಯಿತೆಂಬ ಭಯದಿಂದ ಅವನು ಕುಂಯ್‌ಗುಟ್ಟುತ್ತ ಓಡಿಬಂದು, ಹಾವಿನಂತೆ ಹರಿಯುತ್ತಿದ್ದ ಸೆರಗನ್ನು ಕಂಡು ಪುಳಕಿತನಾಗಿ, ಬಾಯಲ್ಲಿದ್ದುದನ್ನು ತಟ್ಟನೆ ಉಗುಳಿ ಅದನ್ನೇ ಕಚ್ಚಿ ಜಗ್ಗಿದನು. ದಾಕ್ಷಾಯಣಿ ಹದ್ದಿನಂತೆ ಎರಗಿ ಹಲ್ಲಿನ ಜೋಡನ್ನು ಎತ್ತಿಕೊಂಡಳು. ಕಂಪೌಂಡರ ಹಸಿಬಟ್ಟೆಯೊಂದನ್ನು ಹಿಂಡಿ ಹುರಿಗಟ್ಟಿ ಗೋಡೆಯಾಚೆಯಿಂದ ಎಸೆದನು. ಬೆಲ್ಯಾ ಸೆರಗನ್ನು ಬಿಟ್ಟು ಅದನ್ನು ಅಗಿಯುತ್ತ, ಅಗಿಯುತ್ತಲೇ, ಅರ್ಧ ಅಗಿತದಲ್ಲಿ ನಿದ್ದೆಹೋದನು. ಆ ವಯಸ್ಸಿನಲ್ಲಿ ಅದೂ ಒಂದು ಕೆಲಸ.

ಜೊಲ್ಲು, ಮೇವಿನ ಕಡ್ಡಿ, ಒಂದು ಕೋಳಿಪುಕ್ಕ ಇಷ್ಟನ್ನು ಉಪ್ಪುನೀರಿನಲ್ಲಿ ತೊಳೆದು, ಜೋಡನ್ನು ಬಾಯಿಗೇರಿಸಿ ಕಲ್ಲವ್ವ ಚಾಪೆಯ ಮೇಲೆ ಕೂರುವುದಕ್ಕೂ, ಗುರುಪಾದವ್ವ ಡಬ್ಬಿ ಹಿಡಿದು ಒಳಬರುವುದಕ್ಕೂ ಸರಿಹೋಯಿತು. ಕುಶಲ ಮುಗಿಯಿತು. ಡಬ್ಬಿಯ ಮುಚ್ಚಳ ತೆರೆಯಿತು. ಕಲ್ಲವ್ವ ಇದ್ದುದರಲ್ಲೇ ದೊಡ್ಡ ತುಂಡನ್ನು ಆರಿಸಿ, ಬೀಗತಿಯ ಕಣ್ಣಲ್ಲಿ ಕಣ್ಣಿಟ್ಟು, ಕಟ್ಟೆಂದು ಕಡಿದಳು.

ಕಡಿಯಿತು! ಅಗಿದಳು. ಆರು ತಿಂಗಳಿಂದ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಲು ಬಾಯಿ ತೆರೆಯಹೋದಳು. ತೆರೆಯಲಿಲ್ಲ. ಕರದಂಟಿನ ಅಂಟು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಮದುವೆ ಮಾಡಿಸಿ ಬಿಟ್ಟಿತ್ತು.

“ಮ್ಮ್,” ಎಂದಳು ವೀರಮಾತೆ.

“ನೀವರ ಪುಣ್ಯವಂತ್ರು, ಜಗದ ತಿಂತೀರಿ,” ಎಂದು ನಿಟ್ಟುಸಿರಿಟ್ಟಳು ಗುರುಪಾದವ್ವ. “ನನ್ನವು ಹ್ವಾದ ತಿಂಗಳ ಮುಂದಿನವ ನಾಕೂ ಹ್ವಾದೂ ನೋಡ್ರಿ. ಅಡಿಕಿ ಒಡ್ಯಾಕ ಹೋಗಿದ್ನಿ. ಈಗ ಎಲ್ಲಾ ಹಾಲಾಗ ನೆನಿಸಿ ತಿನ್ನೂದ.” ಎಂದು ಸೆರಗಿನಿಂದ ಬಾಯಿ ಮರೆಮಾಡಿಕೊಂಡಳು. ಮದುವೆಯ ಪಂಕ್ತಿಯ ಮಾತು ಅವಳಿಗೆ ನೆನಪೇ ಇದ್ದಂತಿರಲಿಲ್ಲ. “ಯಾಕ್ರೀ, ಮಾತಾಡವಲ್ರಿ? ಸಿಟ್ಟ ಬಂದೈತೇನ?”

ಕಲ್ಲವ್ವ ತಲೆಯಲ್ಲಾಡಿಸಿದಳು. ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ಹೆಣಗಿದಳು. ಕೊನೆಗೆ ಎರಡೂ ಹಲ್ಲುಸಾಲು ಕೂಡಿಕೊಂಡಂತೆಯೇ ಬಾಯಿಂದ ತೆಗೆದು ಬೀಗತಿಯ ಅಂಗೈಯಲ್ಲಿಟ್ಟಳು.

“ಅಯ್ಯ ಶಿವನ, ಎಷ್ಟ ಚಂದ ಮಾಡ್ಯಾರ್ರಿ!” ಗುರುಪಾದವ್ವ ಅದನ್ನು ಹೊಸ ಬಳೆಯಂತೆ ತಿರುವಿ ನೋಡಿದಳು. “ಒತ್ತತಾವೇನ್ರಿ?”

“ಮದ್ಲ ಎರಡ ದಿನ ಒತ್ತತಾವ. ಆಮ್ಯಾಲ ರೂಢಿ ಆಕ್ಕೈತಿ.”

ಗುರುಪಾದವ್ವ ತನ್ನ ಕುಪ್ಪಸದ ಪಿನ್ನನ್ನು ಬಿಚ್ಚಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಸಂದಿಯಲ್ಲಿ ಸಿಕ್ಕಿದ ಚೂರೊಂದನ್ನು ಬಹಳ ಹೊತ್ತು ಕೆದಕಿ ಹೊರತೆಗೆದರು.

“ಗೋಡಂಬಿ,” ಎಂದಳು ಗುರುಪಾದವ್ವ.

ಕಲ್ಲವ್ವ ಅದನ್ನು ಬೆರಳ ತುದಿಯಲ್ಲಿ ಹಿಡಿದು, ತಿರುಗಿಸಿ, ಮೂಗಿನ ಹತ್ತಿರ ತಂದು ನೋಡಿದಳು.

“ಶೇಂಗಾ ರೀ, ನಿನ್ನೀದು,” ಎಂದಳು.