ಮಾವನ ಮೀಸೆ, ನನ್ನ ಪೋಲಿ ರೀಮೇಕು

ಕೈ ಇಟ್ಟಲ್ಲೆಲ್ಲ ಎಡವಟ್ಟಾಗುವುದು ನನಗೆ ಹೊಸದಲ್ಲ. ಆದರೆ ತೋಪಾದ ಪಿಕ್ಚರಿನ ಡೈರೆಕ್ಟರು ತಲೆ ತಗ್ಗಿಸಿಯೇ ನಡೆಯಬೇಕೆಂದು ಎಲ್ಲಿ ಬರೆದಿದೆ? ಬೇರೆ ಭಾಷೆಯ ಪೋಲಿ ಕಾಮಿಡಿಯೊಂದನ್ನು ಕುಂದಾಪ್ರ ಕನ್ನಡಕ್ಕೆ ತಂದವನು ನಾನೇ. ಏನೀಗ? ಹೆಣ್ಣು ಕೊಟ್ಟ ಸೋದರಮಾವ ಮುಹೂರ್ತದ ದಿನವೇ ಮೀಸೆ ತಿರುವಿ ಸವಾಲು ಹಾಕಿದ್ದರು: "ಈ ಹೊಲಸಿಗೆ ನಮ್ಮೂರಲ್ಲ್ ಒಬ್ಬ ನಗಾಡ್ರೂ ನಾನ್ ಮೀಸಿ ಬೋಳ್ಸ್ತೆ!" ಆ ಒಂದು ನಗುವಿಗಾಗಿ ನಾನು ಪಟ್ಟ ಪಾಡು ಕೇಳಿ.

೧. ಮಂಚ

ಬ್ರಹ್ಮಾವರದ ಹತ್ತಿರ ಶೂಟಿಂಗಿಗೆ ಒಂದು ಮನೆ ಸಿಕ್ಕಿತು. ಮನೆಯ ಅಜ್ಜಿಗೆ "ಸಂಸಾರದ ಕಥೆ" ಎಂದಿದ್ದೆ. ಸುಳ್ಳಲ್ಲ, ಯಾರ ಸಂಸಾರ ಎಂದು ಹೇಳಿರಲಿಲ್ಲ ಅಷ್ಟೆ. ಮಂಚದ ಸೀನಿಗೆ ಲೈಟು ಹಾಕಿದ ಕೂಡಲೇ ಅಜ್ಜಿ ಎಲೆಯಡಿಕೆ ತಟ್ಟೆ ಹಿಡಿದು ಬಂದು ಮಂಚದ ನಟ್ಟನಡುವೆ ಕೂತರು. "ಅಜ್ಜಿ, ಒಂಚೂರ್ ಏಳಿ" ಎಂದೆ. "ನೀವ್ ಆಚಿ ಈಚಿ ಕೂಕಂಡ್ ಮಾತಾಡಿ ಮಕ್ಳೆ, ನಂಗೆಂತ ತೊಂದ್ರಿ ಇಲ್ಲ" ಎಂದರು. ಆ ಸೀನಿನಲ್ಲಿ ಅಜ್ಜಿ ಈಗಲೂ ಇದ್ದಾರೆ. ಇಡೀ ಪಿಕ್ಚರಿನಲ್ಲಿ ಅವರದ್ದೇ ಒಳ್ಳೇ ನಟನೆ.

೨. ಕಪಾಟು

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳಿಗೆ ರಜೆ. ಹಾಗಾಗಿ ಗಂಡನ ಪಾತ್ರಕ್ಕೂ ಕದ್ದು ಬರುವ ಪ್ರಿಯಕರನ ಪಾತ್ರಕ್ಕೂ ಮೇಳದ ವೇಷಧಾರಿಗಳನ್ನೇ ಹಾಕಿದ್ದೆ. ಮೂಲ ಪಿಕ್ಚರಿನಲ್ಲಿ ಗಂಡ ಕಪಾಟು ತೆರೆಯುತ್ತಾನೆ, ಟವೆಲ್ಲು ಸುತ್ತಿಕೊಂಡ ಪ್ರಿಯಕರ ಓಡುತ್ತಾನೆ. ನಮ್ಮ ಗಂಡ ಕಪಾಟು ತೆರೆದು, "ಎಲವೋ, ಯಾರು ನೀನು? ಪರರ ಕಪಾಟಿನಲ್ಲಿ ನಿಲ್ಲುವುದು ಯಾವ ಧರ್ಮ?" ಎಂದ. ಪ್ರಿಯಕರ ಓಡಬೇಕಲ್ಲ? ಟವೆಲ್ಲು ಬಿಗಿ ಮಾಡಿಕೊಂಡು, "ಮನೆಗೆ ಬಂದ ಅತಿಥಿಯನ್ನು ಕಪಾಟಿನಲ್ಲಿ ನಿಲ್ಲಿಸಿದ್ದು ಯಾವ ಗೃಹಸ್ಥಧರ್ಮ?" ಎಂದು ರಂಗಸ್ಥಳದಲ್ಲಿ ವಾದಕ್ಕೆ ನಿಂತವನಂತೆ ಅರ್ಥ ಹೇಳತೊಡಗಿದ. ಮುಕ್ಕಾಲು ಗಂಟೆ ವಾದ. ಕಟ್ ಎನ್ನಲು ನನಗೂ ಮನಸ್ಸು ಬರಲಿಲ್ಲ. ಕೊನೆಗೆ ಗಂಡ ಸೋತು, ತಾನೇ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

೩. ಹೆಲ್ಮೆಟ್

ಮುಂದಿನ ಮಳೆಗಾಲ ಕುಂದಾಪುರದಲ್ಲಿ ರಿಲೀಸು. ಜನ ಬಂದರು, ಆದರೆ ಹೆಲ್ಮೆಟ್ ತೆಗೆಯದೆ ಕೂತರು. ಒಳಗೊಳಗೇ ನಕ್ಕರೋ ಏನೋ, ದೇವರಿಗೇ ಗೊತ್ತು. ಇಂಟರ್ವಲ್ಲಿನಲ್ಲಿ ಚಾ ಕುಡಿಯಲು ತೆಗೆಯಲೇಬೇಕಾಯಿತು. ಮಾಸ್ಟ್ರು ಹಳೇ ಶಿಷ್ಯನನ್ನು ಕಂಡರು, ಭಾವ ಭಾವನನ್ನು ಕಂಡ.

"ಹ್ವಾಯ್, ನೀವೆಂತ ಇಲ್ಲಿ?"

"ಮಳಿ ಅಲ್ದಾ, ಒಳ್ಗ್ ಬಂದ್ ನಿಂತದ್ದ್."

ಆಮೇಲೆ ಥಿಯೇಟರಿನಲ್ಲಿ ಒಬ್ಬರೂ ಪಿಟ್ಟೆನ್ನಲಿಲ್ಲ. ನೆಂಟರ ಪಕ್ಕ ಕೂತು ಪೋಲಿ ಜೋಕಿಗೆ ಯಾರು ನಗುತ್ತಾರೆ? ತಪ್ಪು ಪಿಕ್ಚರಿನದ್ದಲ್ಲ, ಊರಿಡೀ ನೆಂಟರಾಗಿರುವುದರದ್ದು.

೪. ಕೆಮ್ಮು

ಮೂರನೇ ದಿನಕ್ಕೇ ಎತ್ತಂಗಡಿ. ಆ ಮಧ್ಯಾಹ್ನದ ಕೊನೆಯ ಶೋಗೆ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಜನ ಇಲ್ಲವೆಂದರೂ ಸೈ. ಗಂಡ ಕಪಾಟಿನೊಳಗೆ ಹೋದನೋ ಇಲ್ಲವೋ, ಮುಂದಿನ ಮೂಲೆಯಿಂದ ಬಿದ್ದು ಬಿದ್ದು ನಗುವ ಸದ್ದು! ಖುಷಿಗೆ ನನ್ನ ಕಣ್ಣು ತುಂಬಿತು. ಓಡಿಹೋಗಿ ನೋಡಿದರೆ, ಗುರುತು ಸಿಗದಂತೆ ಮಂಡೆಗೆ ಬೈರಾಸು ಟವೆಲ್ಲು ಕಟ್ಟಿಕೊಂಡ ಮಾವ.

"ಮಾವ, ನೀವಾ?"

"ನಗಾಡದ್ದಲ್ಲ ಮಾರಾಯ, ಕೆಮ್ಮು."

ಪಕ್ಕದ ಸೀಟಿನಿಂದ ಅತ್ತೆಯ ದನಿ ಬಂತು: "ಸುಳ್ಳ್ ಎಂತಕ್ಕೆ ಹೇಳ್ತ್ರಿ? ನಿನ್ನೆಯೂ ಇಲ್ಲೇ ಅಲ್ದಾ ಕೆಮ್ಮಿದ್ದ್?"

ಮಾವ ಕೊಟ್ಟ ಮಾತು ತಪ್ಪುವವರಲ್ಲ. ಮರುದಿನ ಬೈಂದೂರು ಪೇಟೆಯಲ್ಲಿ ಬೋಳು ಮುಖ ಹೊತ್ತು ನಡೆಯುತ್ತಿದ್ದರು. ಕೇಳಿದವರಿಗೆಲ್ಲ ಒಂದೇ ಉತ್ತರ, ಧೋ ಎಂದು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದುಕೊಂಡು: "ಎಂಥಾ ಸೆಕಿ ಮಾರಾಯ್ರೆ, ಅದ್ಕೇ ತೆಗ್ದೆ!"