ಬೆನ್ನು ತಟ್ಟಿದರೆ ಹೊರಟುಬಿಡುವವನ ಕರಾಟೆ

ನಲವತ್ತು ದಾಟಿದ ಮೇಲೆ ಕರಾಟೆ ಕಲಿಯಲು ಹೊರಟವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿ ವಾರಕ್ಕೆರಡು ಸಲ ಮನೆಗೆ ಬಂದು ಮಾತಾಡಿಸಿಕೊಂಡು ಹೋಗುತ್ತದೆ.

ಮೆಟ್ಟಿಲಿನಿಂದ ಒಳಗೆ

ನಾನು ಚಳ್ಳಕೆರೆ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಶೇಂಗಾ ಮೂಟೆ ಹೊರುವುದು ಕೆಲಸ. ಮಗಳು ಕರಾಟೆಗೆ ಸೇರುತ್ತೇನೆ ಎಂದಾಗ ನಮ್ಮವ್ವ ತೀರ್ಪು ಕೊಟ್ಟಳು: "ಅಪ್ಪ ಜತಿಗಿದ್ರೆ ಹೋಗ್ಲಿ. ಇಲ್ಲಾಂದ್ರೆ ಬ್ಯಾಡ."

ಸರಿ ಎಂದು ದಿನಾ ಸಂಜೆ ಜೊತೆಗೆ ಹೋಗಿ, ಕರಾಟೆ ಹಾಲಿನ ಮೆಟ್ಟಿಲ ಮೇಲೆ ಕೂತು ಶೇಂಗಾ ಬಿಡಿಸಿ ತಿನ್ನುತ್ತಿದ್ದೆ. ಟೀಚರಮ್ಮ ಮೊಳಕಾಲ್ಮೂರು ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನಾಲ್ಕನೇ ದಿನ ಅವರ ತಾಳ್ಮೆ ಮುಗಿಯಿತು.

"ಅಯ್ಯೋ ದೇವುಡಾ! ಅಣ್ಣಾ, ಮೆಟ್ಟಿಲ ತುಂಬ ಸಿಪ್ಪೆ. ಒಳಗೆ ಬಂದು ಕಲೀರಿ, ಇಲ್ಲಾ ಮನೆಗೆ ನಡೀರಿ."

ಮನೆಗೆ ನಡೆದರೆ ಮಗಳ ಕರಾಟೆಯೂ ಮನೆಗೆ ನಡೆದಂತೆ. ಒಳಗೆ ಹೋದೆ. ಅಲ್ಲಿ ಮೊದಲು ಸೇರಿದವರೇ ಹಿರಿಯರು, ಹೊಸಬರು ಅವರಿಗೆ ಬಗ್ಗಿ ನಮಸ್ಕಾರ ಮಾಡಬೇಕು. ಮಗಳ ಮುಂದೆ ನಿಂತು ಬಗ್ಗಿದೆ. ಅವಳು ಮುಖ ಬಿಗಿದುಕೊಂಡು ಹೇಳಿದಳು:

"ಇನ್ನೊಂಚೂರು ಬಗ್ಗಪ್ಪಾ."

ಓಣಿಯ ಔಷಧಿ

ಎರಡು ವರ್ಷ ಕಳೆದ ಮೇಲೆ ಸಾಂಚಿನ್ ಬಂತು. ಓಕಿನಾವಾದವರ ಹಳೆಯ ವರಸೆ. ನೋಡುವವರಿಗೆ ಅದರಲ್ಲಿ ಏನೂ ಇಲ್ಲ, ಮುಂದಕ್ಕೆ ಮೂರು ನಿಧಾನದ ಹೆಜ್ಜೆ, ಅಷ್ಟೇ. ಮಾಡುವವನು ಮಾತ್ರ ಕಾಲ್ಬೆರಳಿನಿಂದ ಕುತ್ತಿಗೆವರೆಗೆ ಮೈಯೆಲ್ಲ ಕಲ್ಲು ಮಾಡಿಕೊಂಡು, ಮೂಗಿನಲ್ಲಿ ಉಸಿರೆಳೆದು, ಹೊಟ್ಟೆಗೆ ಒತ್ತಿ, ಬಾಯಲ್ಲಿ ಸದ್ದು ಮಾಡುತ್ತ ಬಿಡಬೇಕು. ಎಂಬತ್ತು ಕೆಜಿ ಮೂಟೆ ಹೊತ್ತರೂ ನಡುಗದ ನನ್ನ ತೊಡೆ ಬರಿಗೈಯಲ್ಲಿ ನಿಂತಾಗ ನಡುಗಿತು.

ಬೆಳಿಗ್ಗೆ ಹಿತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದೆ. ಅವ್ವ ಗೋಡೆಯಾಚೆಯಿಂದ ನನ್ನ ಉಸಿರು ಕೇಳಿದವಳೇ ಓಣಿಗೆ ಓಡಿದಳು. "ನನ್ ಮಗನಿಗೆ ದಮ್ಮು ಬಂದೈತೆ ಕಣ್ರೇ!"

ಹತ್ತೇ ನಿಮಿಷದಲ್ಲಿ ತುಳಸಿ ಕಷಾಯ, ಮೆಣಸಿನ ಕಷಾಯ, ಎದೆಗೆ ನೀಲಗಿರಿ ಎಣ್ಣೆ ಎಲ್ಲ ಬಂತು. ಎದುರು ಮನೆ ಸಾಹೇಬರು ಹಕೀಮರ ಲೇಹ್ಯದ ಡಬ್ಬಿಯನ್ನೇ ತಂದರು. ಕರಾಟೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಂದೂ ಬಿಡದೆ ಕುಡಿಸಿದರು.

ಅವತ್ತು ಸಂಜೆ ಟೀಚರಮ್ಮ ಬೆರಗಾದರು. "ಅಣ್ಣಾ, ಉಸಿರು ಇವತ್ತು ಎಷ್ಟು ಸಲೀಸು! ಏನ್ ಮಾಡಿದ್ರಿ?"

"ನಾನೇನ್ ಮಾಡ್ಲಿಲ್ಲಮ್ಮ. ಓಣಿಯವರು ಮಾಡಿದ್ರು."

ಹೋರಿಯ ಅಭಿಪ್ರಾಯ

ಮತ್ತೆ ಕಷಾಯ ಕುಡಿಯುವ ಧೈರ್ಯವಿಲ್ಲದೆ, ರಜೆಯ ದಿನ ಮಗಳನ್ನೂ ಕರೆದುಕೊಂಡು ಉಳ್ಳಾರ್ತಿ ಕಾವಲ್ ಕಡೆ ಇರುವ ಮಾವನ ಹಟ್ಟಿಗೆ ಹೋದೆ. ಬಯಲು, ಗಾಳಿ, ಕೇಳುವವರಿಲ್ಲ. ಕಣ್ಣು ಅರೆಮುಚ್ಚಿ ಉಸಿರು ಬಿಟ್ಟೆ. ಹಿಂದಿನಿಂದ ಅಂಥದ್ದೇ ಉಸಿರು ಕೇಳಿತು. ಮಗಳೇ ಅಭ್ಯಾಸಕ್ಕೆ ಬಂದಳೆಂದು ಖುಷಿಯಾಗಿ ಇನ್ನೊಂದು ಬಿಟ್ಟೆ. ಆ ಕಡೆಯಿಂದ ಇನ್ನೂ ಜೋರಾಗಿ ಬಂತು. ತಿರುಗಿ ನೋಡಿದರೆ ಮಾವನ ಹೋರಿ, ತಲೆ ತಗ್ಗಿಸಿ ಕಾಲು ಕೆರೆಯುತ್ತಿತ್ತು.

ಜಾಲಿಮರ ಹತ್ತಿದೆ. ಮುಳ್ಳಿನ ನೋವು ಗೊತ್ತಾಗಿದ್ದು ಆಮೇಲೆ.

ಮಾವ ಕೋಲೂರಿಕೊಂಡು ಬಂದ. "ಲೇ, ಹಾಯಾಕೆ ಮುಂಚೆ ಹೋರಿ ಹಂಗೇ ಉಸಿರು ಬಿಡ್ತೈತೆ. ನೀನಾಗೇ ಕರ್ದು ಮರ ಹತ್ತಿದ್ರೆ ಅದಕ್ಕೆ ಬೇಜಾರಾಗಲ್ವೇನಲೇ?"

ಮೊದಲ ಪರೀಕ್ಷೆ

ಸಾಂಚಿನ್ ಪಾಸಾದವರ ತರಗತಿ ಭಾನುವಾರ ಮೊಳಕಾಲ್ಮೂರಿನಲ್ಲಿ. ಪಾಸಾಗದವರಿಗೆ ಒಳಗೆ ಪ್ರವೇಶವಿಲ್ಲ. ಮಗಳು ಪಾಸಾಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಫೇಲಾದರೆ ಅವ್ವನ ಶರತ್ತಿನ ಪ್ರಕಾರ ಅವಳೂ ಮನೆಯಲ್ಲೇ.

ಯಾರ್ಡಿನಲ್ಲಿ ನಮ್ಮದೊಂದು ರೂಢಿ. ಇಬ್ಬರು ಮೂಟೆ ಎತ್ತಿ ಬೆನ್ನಿಗೆ ಕೊಡುತ್ತಾರೆ, ಸರಿಯಾಗಿ ಕೂತ ಮೇಲೆ ಭುಜಕ್ಕೊಂದು ಏಟು ತಟ್ಟುತ್ತಾರೆ. ಏಟು ಬಿತ್ತೆಂದರೆ ಹೊರಡು ಎಂದರ್ಥ. ಇಪ್ಪತ್ತೈದು ವರ್ಷದಿಂದ ನಾನು ಹಾಗೆಯೇ ಹೊರಟಿದ್ದೇನೆ.

ಮೈ ಗಟ್ಟಿಯಾಗಿದೆಯೇ ಎಂದು ನೋಡಲು ಸಾಂಚಿನ್ ಪರೀಕ್ಷೆಯಲ್ಲಿ ಭುಜಕ್ಕೆ ಹೊಡೆಯುತ್ತಾರೆ, ಗಂಡಸರಾದರೆ ಅಂಗಿ ಬಿಚ್ಚಿಸಿ. ಕದಲಬಾರದು. ಟೀಚರಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಅಭ್ಯಾಸದಲ್ಲಿ ನನಗೆ ಹೊಡೆದಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಆ ಮರ್ಯಾದೆ ಕೊಡಲಿಲ್ಲ. ಎರಡೂ ಭುಜಕ್ಕೆ ಫಟಾರನೆ ಬಾರಿಸಿದರು.

ಹೊರಟುಬಿಟ್ಟೆ. ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಯಲ್ಲಿ ನಿಂತಿದ್ದ ಲಾರಿಯ ಹತ್ತಿರ ಹೋದ ಮೇಲೆಯೇ ಬೆನ್ನ ಮೇಲೆ ಏನೂ ಇಲ್ಲವೆಂದು ಗೊತ್ತಾಗಿದ್ದು.

ಮಗಳು ಪಾಸು, ನಾನು ಫೇಲು. ಆಟೋದಲ್ಲಿ ಮನೆಗೆ ಬರುವಾಗ ಅವಳು ನನಗೆ ಬೆನ್ನು ಮಾಡಿ ರಸ್ತೆ ನೋಡುತ್ತ ಕೂತಳು. ಆಟೋದವನು ಮಾತ್ರ ಕೇಳಿದ: "ಯಾಕಣ್ಣ, ಅಂಗಿ ಇಲ್ದೆ ಲಾರಿ ಹತ್ರ ಹೋಗಿದ್ದೆ?"

ಎರಡನೇ ಪರೀಕ್ಷೆ

ಆರು ತಿಂಗಳ ನಂತರ ಮತ್ತೆ ಪರೀಕ್ಷೆ, ಅದೇ ಪರೀಕ್ಷಕರು. ಭಾನುವಾರವೆಲ್ಲ ಮೊಮ್ಮಗಳು ಮುಖ ಊದಿಸಿಕೊಂಡು ಕೂರುವುದನ್ನು ನೋಡಿ ನೋಡಿ ಅವ್ವನಿಗೂ ಒಳಗೊಳಗೇ ಸಂಕಟ. ಶರತ್ತು ಹಿಂದೆಗೆದುಕೊಳ್ಳಲು ಜಂಬ ಬಿಡದು. ಹಾಗಾಗಿ ತಾನೇ ಬಂದು ಹಾಲಿನ ಬಾಗಿಲಲ್ಲಿ ಕೂತಳು. ಅವಳೂ ಮೂವತ್ತು ವರ್ಷ ಅದೇ ಯಾರ್ಡಿನಲ್ಲಿ ಶೇಂಗಾ ಕೇರಿದವಳು.

ಮೊದಲ ಏಟು ಬಿತ್ತು. ನನ್ನ ಹಿಮ್ಮಡಿ ಎದ್ದಿತು. ಬಾಗಿಲಿಂದ ಕೂಗು ಬಂತು:

"ಮೂಟೆ ಇನ್ನೂ ಕುಂತಿಲ್ಲ ಕಣಲೇ, ನಿಂತ್ಕ!"

ಹಿಮ್ಮಡಿ ತಾನಾಗಿ ಕೆಳಗಿಳಿಯಿತು. ಎರಡನೇ ಏಟು. "ಇನ್ನೂ ಇಲ್ಲ!" ತೊಡೆಗೆ, ಬೆನ್ನಿಗೆ ಬಿದ್ದವು. "ನಿಂತ್ಕ ಅಂದ್ರೆ ನಿಂತ್ಕ!" ಕದಲಲಿಲ್ಲ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳೋ ನಗುತ್ತಿದ್ದಳೋ.

ಪರೀಕ್ಷಕರು ಕೆಂಡವಾದರು. "ಹೊರಗಿನವರು ಮಾತಾಡಿದ್ರೆ ಪರೀಕ್ಷೆ ರದ್ದು. ಯಾರೀ ಅಜ್ಜಿ?"

ಮಗಳು ಮುಂದೆ ಬಂದು ಬಗ್ಗಿ ನಮಸ್ಕರಿಸಿದಳು. "ಹೊರಗಿನವರಲ್ಲ ಸರ್. ಇವತ್ತೇ ಸೇರ್ತಿದಾರೆ."

"ಹೌದೇನಜ್ಜಿ?"

ಅವ್ವ ಮೊಮ್ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ಬಂದು ಸಾಲಿನ ಕೊನೆಯಲ್ಲಿ ನಿಂತಳು.

ಪಾಸಾದೆ. ಈಗ ಭಾನುವಾರ ಅಪ್ಪ ಮಗಳು ಮೊಳಕಾಲ್ಮೂರು ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತೇವೆ. ಪರೀಕ್ಷಕರ ಮುಂದೆ ಮೊಮ್ಮಗಳು ಕೊಟ್ಟ ಮಾತಲ್ಲವೇ, ಅವ್ವ ಚಳ್ಳಕೆರೆಯ ತರಗತಿ ತಪ್ಪಿಸುವುದಿಲ್ಲ. ಹೋದ ವಾರ ಅವಳೂ ಉಸಿರು ಬಿಗಿಹಿಡಿದು ನಿಂತಿದ್ದಳು. ಟೀಚರಮ್ಮ ಹೆದರಿ ಹೆದರಿ ಭುಜಕ್ಕೆ ಮೆಲ್ಲಗೆ ತಟ್ಟಿದರು. ಅವ್ವ ಒಂದಿಷ್ಟೂ ಕದಲಲಿಲ್ಲ. ಕಣ್ಣುಮುಚ್ಚಿ ಹೇಳಿದಳು:

"ಅಲ್ಲೇ ತಾಯಿ, ಸ್ವಲ್ಪ ಕೆಳಗೆ. ಜೋರಾಗಿ ಹೊಡಿ, ನಿನ್ನೆಯಿಂದ ಹಿಡ್ಕಂಡೈತೆ."